ಕಲೆ ತೆಗೆಯುವ ಕೋಣೆ

ಬಾಗಿಲ ಪಕ್ಕದ ಪುಟ್ಟ ಯಂತ್ರದ ಮೇಲೆ ಪ್ರಭುಸ್ವಾಮಿ ಐದನೆಯ ಸಲ ಹೆಬ್ಬೆರಳೊತ್ತಿದ. ಮತ್ತೆ ಕೆಂಪು ದೀಪ. ಒಳಗೆ ಕೆಲಸಕ್ಕಿದ್ದ ರಾಧಾ ಬಾಗಿಲು ಬಡಿಯುತ್ತಿದ್ದಳು.

"ಅಣ್ಣ, ಬೇಗ ತಗೀರಿ. ವಾಸ್ನೆಗೆ ಉಸ್ರು ಕಟ್ತಾ ಅದೆ."

"ತಾಳವ್ವ, ಫೋನ್ ಮಾಡ್ತಾ ಇವ್ನಿ."

ಹುಣಸೂರಿನ ಹೊರಗಿದ್ದ ಆ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ರಾಸಾಯನಿಕ ಚಿಮುಕಿಸಿ ಬಟ್ಟೆಯ ಕಲೆ ತೆಗೆಯುವ ಕೋಣೆ ಅದು. ಒಳಗೆ ಹೋಗಲೂ ಹೊರಗೆ ಬರಲೂ ಬೆರಳೊತ್ತಬೇಕು. ಅದೂ ಸೇರಿ ಮೂವತ್ತೆಂಟು ಬಾಗಿಲುಗಳ ಹಿಡಿತ ಬೆಂಗಳೂರಿನ ಕಂಟ್ರೋಲ್ ರೂಮಿನಲ್ಲಿತ್ತು. ಭೇರ್ಯದ ಪ್ರಭುಸ್ವಾಮಿ ಇಲ್ಲಿ ಆರು ವರ್ಷದಿಂದ ಸೆಕ್ಯುರಿಟಿ. ಮೊದಲು ಅವನ ಸೊಂಟದಲ್ಲಿ ಬೀಗದ ಕೈ ಗೊಂಚಲಿರುತ್ತಿತ್ತು. ಈಗ ಕೈಯಲ್ಲೊಂದು ಫೋನು. ಹೋದ ತಿಂಗಳು ಹೀಗೇ ಕೆಟ್ಟು ನಿಂತ ಉಗ್ರಾಣದ ಬಾಗಿಲನ್ನು ಹಾರೆಯಿಂದ ಮೀಟಿದ್ದಕ್ಕೆ ಮೆಮೊ ಕೊಟ್ಟು, ಇನ್ನೊಮ್ಮೆ ಮಾಡಿದರೆ ಕೆಲಸದಿಂದ ತೆಗೆಯುವುದಾಗಿ ಹೇಳಿದ್ದರು.

"ಸರ್ವರ್ ಪ್ರಾಬ್ಲಂ ಇದೆ. ಕಂಪ್ಲೇಂಟ್ ತಗೊಂಡಿದೀವಿ, ವೇಟ್ ಮಾಡಿ," ಅಂದಿತು ಬೆಂಗಳೂರಿನ ದನಿ.

"ಒಳ್ಗೆ ಒಂದ್ ಹೆಣ್ಮಗ ಅದೆ ಸಾರ್."

"ಕಂಪ್ಯೂಟರಲ್ಲಿ ಆ ರೂಮು ಖಾಲಿ ತೋರಿಸ್ತಿದೆಯಲ್ಲ."

"ಅವ್ಳು ಮಾತಾಡೋದ್ನ ಕೇಳ್ತಾ ನಿಂತಿವ್ನಿ ಸಾರ್. ಒಡ್ದು ತಗೀಲಾ?"

"ಹಾಗೆಲ್ಲ ಮಾಡ್ಬೇಡಿ. ಮೇಲಿನವರನ್ನ ಕೇಳ್ತೀನಿ, ಲೈನಲ್ಲಿರಿ."

ಪ್ರಭುಸ್ವಾಮಿ ಲೈನಿನಲ್ಲೇ ಇದ್ದ. ಬಡಿತ ನಿಧಾನವಾಯಿತು. ಆಮೇಲೆ ಬಾಗಿಲನ್ನು ಅಂಗೈಯಿಂದ ಸವರಿದಂಥ ಸದ್ದು. ಆಮೇಲೆ ಅದೂ ಇಲ್ಲ. ಆಗ ಅವನು ಫೋನು ಕೆಳಗೆ ಹಾಕಿ, ಬೆಂಕಿ ಆರಿಸುವ ಸಿಲಿಂಡರನ್ನು ಎತ್ತಿಕೊಂಡು ಬೀಗದ ಜಾಗಕ್ಕೆ ಗುದ್ದಿದ. ನಾಲ್ಕನೇ ಏಟಿಗೆ ಬಾಗಿಲು ಬಿಟ್ಟುಕೊಂಡಿತು. ರಾಧಾ ಹೊಸ್ತಿಲಿಗೆ ತಲೆಯಿಟ್ಟು ಬಿದ್ದಿದ್ದಳು.

ಮೂರನೆಯ ದಿನ ಮ್ಯಾನೇಜರ್ ಸುನೀಲ್ ಕುಮಾರ್ ಒಂದು ಹಾಳೆ ಮುಂದಿಟ್ಟರು. ವಿಷಯ ತಿಳಿದ ಕೂಡಲೇ ಬಾಗಿಲು ಒಡೆದೆನೆಂದು ಅದರಲ್ಲಿ ಟೈಪು ಮಾಡಿತ್ತು.

"ಸೈನ್ ಮಾಡಿ ಪ್ರಭು. ನಿಮಗೂ ಒಳ್ಳೇದು, ಕಂಪನಿಗೂ ಒಳ್ಳೇದು. ಹಳೇ ಮೆಮೊ ವಾಪಸ್ ತಗೋತೀವಿ."

"ಓದ್ಕಂಡು ತತ್ತೀನಿ ಸಾರ್," ಎಂದು ಹಾಳೆ ಮಡಚಿಕೊಂಡು ಹೊರಬಿದ್ದವನು ಮೈಸೂರಿನ ಬಸ್ಸು ಹತ್ತಿದ.

ರಾಧಾಳನ್ನು ಸೇರಿಸಿದ್ದ ಆಸ್ಪತ್ರೆಯಲ್ಲಿ ಅವಳ ತಾಯಿ ಚೆಲುವಮ್ಮ ಮಗಳಿಗೆಂದು ಕಿತ್ತಳೆ ಸುಲಿಯುತ್ತಿದ್ದಳು. ಅವನನ್ನು ಕಂಡದ್ದೇ ಹಣ್ಣನ್ನು ಮಂಚದ ಮೇಲಿಟ್ಟು ಎದ್ದು ಬಂದು ಎರಡೂ ಕೈ ಹಿಡಿದುಕೊಂಡಳು.

"ನೀವ್ ಇಲ್ದೆ ಓಗಿದ್ರೆ ನನ್ ಮಗ್ಳು ಉಳೀತಿರ್ನಿಲ್ಲ ಕಣಪ್ಪ."

ಹಾಗೇ ಬಿಟ್ಟುಬಿಡಬಹುದಿತ್ತು. ಬಸ್ಸಿನುದ್ದಕ್ಕೂ ಹೇಳಬೇಕೆಂದುಕೊಂಡು ಬಂದದ್ದು ಬೇರೆಯೇ ಇತ್ತು.

"ಹನ್ನೆರ್ಡು ನಿಮ್ಸ ಸುಮ್ನೆ ನಿಂತಿದ್ದೆ ಕಣವ್ವ," ಎಂದ ಕೊನೆಗೆ. "ಮೊದ್ಲೇ ಒಡೀಬೌದಾಗಿತ್ತು. ಕೆಲ್ಸ ಓಯ್ತದೆ ಅಂತ ಒಡೀನಿಲ್ಲ. ಕಂಪ್ನಿಯೋರು ಬ್ಯಾರೆ ತರ ಬರ್ದವ್ರೆ. ನಾನು ಅದ್ಕೆ ಸೈನ್ ಆಕಾಕಿಲ್ಲ."

ಚೆಲುವಮ್ಮನಿಗೆ ಸರಿಯಾಗಿ ಅರ್ಥವಾಗಲಿಲ್ಲ. ಮಗಳ ಕಡೆ ತಿರುಗಿ ನೋಡಿದಳು. ರಾಧಾ ಮೂಗಿನ ಮೇಲಿನ ಮಾಸ್ಕನ್ನು ಸ್ವಲ್ಪ ಸರಿಸಿದಳು. ದನಿ ಒಡೆದು ಹೋಗಿತ್ತು.

"ನಂಗೊತ್ತು ಕಣವ್ವ. ಒಡೀಲಾ ಅಂತ ಫೋನಲ್ಲಿ ಕೇಳ್ತಿದ್ರು. ಎಲ್ಲಾ ಕೇಳುಸ್ತಿತ್ತು."

ಅಷ್ಟು ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಚೆಲುವಮ್ಮ ಅವನ ಕೈಗಳನ್ನು ಮೆಲ್ಲಗೆ ಬಿಟ್ಟು ಹೋಗಿ ಕುಳಿತಳು. ಅರ್ಧ ಸುಲಿದಿದ್ದ ಹಣ್ಣನ್ನು ಎತ್ತಿಕೊಂಡು, ತೊಳೆಗಳಿಗೆ ಅಂಟಿದ್ದ ಬಿಳಿ ನಾರನ್ನು ಒಂದೊಂದಾಗಿ ಬಿಡಿಸತೊಡಗಿದಳು. ಪ್ರಭುಸ್ವಾಮಿ ನಿಂತೇ ಇದ್ದ. ಕುಳಿತುಕೋ ಎಂದು ಯಾರೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.