ಅಕ್ಕ, ಗೋಡೆ ಖಾಲಿ ಮಾಡು

ಯಾರದೋ ನೆರಳು ಗೋಡೆಯ ಮೇಲೆ ಹಾದು ಹೋಯಿತು, ದೊಡ್ಡ ತಲೆ, ಕುತ್ತಿಗೆಯೇ ಇಲ್ಲ, ಪ್ರೊಜೆಕ್ಟರಿನ ಮುಂದೆ ಹಾಯಬೇಡಿ ಅಂತ ಹೇಳಿ ಹೇಳಿ ಬಾಯಿ ನೋವು ಬಂದರೂ ಕೇಳುವವರಿಲ್ಲ, ಗುಡುಗು ಇರಬೇಕು, ಹೌದು ಗುಡುಗೇ, ಡ್ರಮ್ ಬಾರಿಸುವವನಿಗೆ ಆ ಹೆಸರು ಯಾರು ಇಟ್ಟರೋ, ಈಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ, ಸಾರಿ ಅಕ್ಕ, ನೀರಿನ ಬಾಟಲಿ ಮರೆತಿದ್ದೆ ಅನ್ನುತ್ತ ಬಗ್ಗಿಕೊಂಡು ಓಡಿದ, ಬೆಳಗಿನಿಂದ ಸಾಮಾನಿನ ವ್ಯಾನ್ ಓಡಿಸಿ ಬಂದವನು ಬಂದ ಕೂಡಲೇ ಇಷ್ಟೂ ಕುರ್ಚಿ ಹಾಕಿದ್ದಾನೆ, ಬೈಯುವುದಾದರೂ ಹೇಗೆ — ಅಕ್ಕ ಹಿಂಬದಿಯ ಗೋಡೆಯ ಹತ್ತಿರದ ಮೇಜಿನ ಹಿಂದೆ ಕೂತು ಕಂಪ್ಯೂಟರಿನಲ್ಲಿ ಹಾಡುಗಳನ್ನು ಸಾಲು ಸಾಲಾಗಿ ಓಡಿಸಿ ನೋಡುತ್ತಾಳೆ, ಎದುರಿನ ಗೋಡೆಯ ಮೇಲೆ ಅಕ್ಷರ ಬರುತ್ತದೆ ಹೋಗುತ್ತದೆ, ಪಕ್ಕದಲ್ಲಿ ಧ್ವನಿ ನೋಡಿಕೊಳ್ಳುವ ಮೇಷ್ಟ್ರು, ವಾರವಿಡೀ ಶಾಲೆಯಲ್ಲಿ ಗಣಿತ ಹೇಳಿ ಗಂಟಲು ಹರಿದುಕೊಂಡು ಭಾನುವಾರ ಸಂಜೆ ಇಲ್ಲಿ ಗುಂಡಿಗಳ ಮೇಲೆ ಬೆರಳಿಟ್ಟು ಮೌನವ್ರತ ಹಿಡಿಯುವ ಮನುಷ್ಯ, ನೆಲದ ಮೇಲಿನ ವೈರುಗಳಿಗೆಲ್ಲ ಅಂಟುಪಟ್ಟಿ ಹಾಕಿ ಮಂಡಿ ಉಜ್ಜಿಕೊಂಡು ಈಗಷ್ಟೇ ಎದ್ದಿದ್ದಾರೆ, ಚರ್ಚಿನ ಯುವಜನರ ಆರಾಧನೆ ಅಂತ ಹೆಸರು, ಈ ಯುವಜನರಲ್ಲಿ ತಲೆಗೆ ಬಣ್ಣ ಹಚ್ಚುವವರು ಇಬ್ಬರೇ, ಮೇಷ್ಟ್ರು ಮತ್ತು ಅವಳು, ಆ ವಿಷಯವನ್ನು ಇಬ್ಬರೂ ಎತ್ತುವುದಿಲ್ಲ.

ಅಲ್ಲಿ ವೇದಿಕೆಯ ಮೇಲೆ ತಂಗಿ ಮೈಕುಗಳನ್ನು ಒರೆಸುತ್ತಿದ್ದಾಳೆ, ಸ್ಪಿರಿಟ್ ಅದ್ದಿದ ಹತ್ತಿ, ಒಂದೊಂದೇ ಮೈಕಿನ ಜಾಲರಿ, ಮಕ್ಕಳ ಆಸ್ಪತ್ರೆಯ ನರ್ಸ್ ಅಲ್ಲವೇ, ಹತ್ತು ಬಾಯಿ ಮುಟ್ಟಿದ್ದನ್ನು ಒರೆಸದೆ ಅವಳಿಗೆ ಸಮಾಧಾನವಿಲ್ಲ, ಇವತ್ತು ಆರಾಧನೆ ನಡೆಸುವವಳೇ ನೀನು ಮಹರಾಯ್ತಿ, ಇವತ್ತಾದರೂ ಬೇರೆಯವರಿಗೆ ಬಿಡಬಾರದೇ, ಊಹೂಂ, ಹಿಂದಿನ ಸಾಲಿನಲ್ಲಿ ನಿಂತು ದನಿಗೂಡಿಸುತ್ತಿದ್ದ ಇಷ್ಟು ವರ್ಷವೂ ಅವಳೇ ಒರೆಸಿದ್ದು, ಇವತ್ತೂ ಅವಳೇ, ಹತ್ತಿ ಬದಲಾಯಿಸಿ ಮುಂದಿನ ಮೈಕಿಗೆ ಹೋಗುತ್ತಾಳೆ — ಕೆಲಸ ಮಾಡು, ಎರಡನೆಯ ಹಾಡು, ಮೂರನೆಯ ಚರಣ, ಸ್ಪೇಸ್ ಗುಂಡಿ, ಮುಂದಿನ ಸಾಲು, ಗುಂಡಿ, ಮುಂದಿನದು, ಇದೇನು ದೊಡ್ಡ ವಿದ್ಯೆ ಅಂತ ಬಂದವರೆಲ್ಲ ಅಂದುಕೊಳ್ಳುತ್ತಾರೆ, ಒಂದು ಸಂಜೆ ಕೂತು ನೋಡಲಿ, ಹಾಡುವವರ ಬಾಯಲ್ಲಿ ಕೊನೆಯ ಪದ ಇನ್ನೂ ಇರುವಾಗಲೇ ಮುಂದಿನ ಸಾಲು ಗೋಡೆಯ ಮೇಲೆ ಇರಬೇಕು, ಒಂದು ಉಸಿರು ತಡವಾಯಿತೋ ಇಡೀ ಸಭೆ ಆ ಸಾಲನ್ನು ಗುಳುಂ ಅಂತ ನುಂಗಿಬಿಡುತ್ತದೆ, ಸದಾ ಒಂದು ಪದ ಮುಂದೆ ಇರಬೇಕು, ನೀವು ಅಲ್ಲಿದ್ದೀರಿ ಅಂತ ಯಾರಿಗೂ ಗೊತ್ತಾಗದೇ ಹೋದ್ರೆ ಅದೇ ನಿಮ್ಮ ಸೇವೆ ಅಂದಿದ್ದರು ಪಾಸ್ಟರ್, ಅವಳಿಗೆ ಅದು ಕರತಲಾಮಲಕ, ಕೆಲಸ ಮಾಡುವ ಔಷಧಿ ಅಂಗಡಿಯ ಕೌಂಟರಿನಲ್ಲೂ ಹಾಗೆಯೇ, ಆ ಗುಲಾಬಿ ಬಣ್ಣದ್ದು, ಊಟ ಆದ್ಮೇಲೆ ತಗೊಳೋದು, ಅಂತ ಗಿರಾಕಿ ಅನ್ನುವಷ್ಟರಲ್ಲಿ ಚೀಟಿ ನೋಡದೆಯೇ ಡಬ್ಬ ತೆಗೆದಿರುತ್ತಾಳೆ, ನಿಮ್ಮ ಬಾಯಿಂದ ಮಾತು ಬರೋಕೆ ಮುಂಚೆ ಮಾತ್ರೆ ಬರುತ್ತೆ ಅಂತ ಮಾಲೀಕರು ಹೊಗಳಿದ್ದೂ ಉಂಟು.

ಮಾತು ಬರುವುದಕ್ಕೆ ಮುಂಚೆ, ಹೌದು, ಅದು ಅಂಗಡಿಯಲ್ಲಿ ಕಲಿತದ್ದಲ್ಲ, ಮನೆಯಲ್ಲಿ, ತಂಗಿ ತೊದಲುತ್ತಿದ್ದಳಲ್ಲ, ತೊದಲುತ್ತಿದ್ದಳೇನು, ಈಗಲೂ ತೊದಲುತ್ತಾಳೆ, ತುಟಿ ಮುಚ್ಚಿ ಹೇಳುವ ಅಕ್ಷರ ಬಂತೆಂದರೆ ಬಾಗಿಲು ಜಡಿದ ಹಾಗೆ, ಪ, ಬ, ಮ, ಪೆನ್ಸಿಲ್ ಕೊಡಿ ಅನ್ನಲು ಅಂಗಡಿಗೆ ಹೋದರೆ ಪೆ ಅನ್ನುವುದರ ಮೇಲೆ ನಿಂತುಬಿಡುವಳು, ಕತ್ತಿನ ನರ ಉಬ್ಬುವುದು, ಅಂಗಡಿಯವನು ಬೇರೆ ಗಿರಾಕಿ ಕಡೆ ತಿರುಗುವನು, ಅಷ್ಟರಲ್ಲಿ ಅಕ್ಕ ಹೇಳಿ ಮುಗಿಸಿರುತ್ತಾಳೆ, ಪೆನ್ಸಿಲ್, ಎರಡು, ರಬ್ಬರ್ ಇರೋದು, ಫೋನು ಬಂದರೆ ಅಕ್ಕ, ಟೀಚರ್ ಮನೆಗೆ ಬಂದರೆ ಅಕ್ಕ, ಅವಳ ಜೊತೆ ಹೋಗೇ ಅವಳ ಬಾಯಿ ನೀನು ಅಂತ ಅಮ್ಮ ಕಳಿಸುತ್ತಿದ್ದಳು, ಹೆಣ್ಣು ನೋಡಲು ಬಂದವರು ನಿನ್ನ ಹೆಸರೇನಮ್ಮ ಅಂದಾಗಲೂ ಉತ್ತರಿಸಿದ್ದು ಅಕ್ಕನೇ, ಹುಡುಗಿ ಮೂಕೀನಾ ಅಂತ ಕೇಳಿದ ಗಂಡಿನ ಚಿಕ್ಕಮ್ಮನಿಗೆ ಅವಳು ಕೊಟ್ಟ ಉತ್ತರ ಇಲ್ಲಿ ಚರ್ಚಿನಲ್ಲಿ ನೆನೆಯುವಂಥದ್ದಲ್ಲ, ಅವರು ಹೋದ ಮೇಲೆ ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು, ಒಳ್ಳೇದಾಯ್ತು ಬ… ಬಿಡು, ಆ ಚಿಕ್ಕಮ್ಮನ ಜೊತೆ ಯಾರು ಇರ್ತಾರೆ — ಹಾಡುವಾಗ ಮಾತ್ರ ಏನೂ ಇಲ್ಲ, ಒಂದು ತಡೆಯಿಲ್ಲ, ನಲ್ಲಿ ಬಿಟ್ಟ ಹಾಗೆ, ಡಾಕ್ಟರನ್ನು ಕೇಳಿದರೆ ಹಾಗೇ ಇರುತ್ತೆ ಅಂದರು, ಆಸ್ಪತ್ರೆಯ ಮಕ್ಕಳಿಗೂ ಅದೇನು ದೊಡ್ಡ ವಿಷಯವಲ್ಲ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಪೋರಿಯೊಬ್ಬಳು ನಿಧಾನಕ್ಕೆ ಹೇಳಿ ಸಿಸ್ಟರ್, ನಂಗೇನೂ ಕೆಲಸ ಇಲ್ಲ ಅಂದಳಂತೆ, ಅದನ್ನು ಹೇಳುವಾಗ ತಂಗಿಯ ಮುಖ ನೋಡಬೇಕಿತ್ತು.

ಇವತ್ತಿನದು ಹಾಡಷ್ಟೇ ಆಗಿದ್ದರೆ ಈ ಎದೆಬಡಿತ ಇರುತ್ತಿರಲಿಲ್ಲ, ಪಾಸ್ಟರ್ ಗಂಟಲು ಕೂತುಹೋಗಿದೆ, ಯಾರಾದರೂ ನಡೆಸಿಕೊಡಬೇಕು ಅಂದಾಗ ಕೈ ಎತ್ತಿದವಳು ತಂಗಿ, ಹಾಡೂ ನಾನೇ, ಪ… ಪ್ರಾರ್ಥನೇನೂ ನಾನೇ, ಕೂತವರೆಲ್ಲ ಚಪ್ಪಲಿ ನೋಡಿಕೊಂಡರು, ಪಾಸ್ಟರ್ ಮಾತ್ರ ಪಿಸುದನಿಯಲ್ಲೇ ಆಗಲಮ್ಮ ಅಂದರು, ಮನೆಗೆ ಬಂದು ಅಕ್ಕ ಅವಳನ್ನು ಅಡುಗೆಮನೆಯಲ್ಲಿ ಹಿಡಿದು ನಿಲ್ಲಿಸಿದಳು, ಪ್ರಾರ್ಥನೆ ಬೇರೆಯವರಿಗೆ ಕೊಡು, ಕೊಡಲ್ಲ, ಹಾಗಾದ್ರೆ ಪ್ರಭುವೇ ಅಂತ ಶುರು ಮಾಡ್ಬೇಡ, ಅಲ್ಲೇ ಸಿಕ್ಕಿಹಾಕ್ಕೊಳ್ತೀಯ, ಕರ್ತನೇ ಅನ್ನು, ಅದಾದ್ರೆ ಸಲೀಸು, ತಂಗಿ ಪಾತ್ರೆ ಉಜ್ಜುವುದನ್ನು ನಿಲ್ಲಿಸಿ ತಿರುಗಿ ನೋಡಿದಳು, ಮ… ಮನೇಲಿ ನಾನು ಪ… ಪ್ರಭುವೇ ಅಂತಲೇ ಕರೆಯೋದು ಅಕ್ಕ, ಜನ ಇದಾರೆ ಅಂತ ಅವನ ಹೆಸರು ಬದಲಾಯಿಸ್ಲಾ — ಈ ಸಲ ಆಗ್ದಿದ್ರೆ ಇನ್ಯಾವತ್ತೂ ಕೇಳಲ್ಲ, ಮ… ಮೈಕ್ ಒರೆಸ್ಕೊಂಡು ಇರ್ತೀನಿ, ಅಂತಲೂ ಅಂದಳು, ತಮಾಷೆಗಲ್ಲ, ಕೊನೆಗೆ ಒಂದು ಒಪ್ಪಂದ, ತೀರಾ ಆಗದೇ ಹೋದರೆ ನನ್ನ ಕಡೆ ನೋಡು, ಹಾಡಿನ ಮೊದಲ ಸಾಲು ಗೋಡೆಗೆ ಹಾಕ್ತೀನಿ, ಸಾಲು ಬಂದ ತಕ್ಷಣ ಗುಡುಗು ಶುರು ಮಾಡ್ತಾನೆ, ಹೀಗೇ ಇತ್ತೇನೋ ಅಂದ್ಕೋತಾರೆ ಎಲ್ಲರೂ, ತಂಗಿ ಯೋಚಿಸಿ ಒಪ್ಪಿದಳು, ನಾನು ನಿನ್ನನ್ನ ನೋಡಿದ್ರೆ ಮಾತ್ರ.

ಸಭೆ ತುಂಬಿತು, ಇದ್ದಕ್ಕಿದ್ದ ಹಾಗೆ ತುಂಬಿತು, ಕುರ್ಚಿ ಕಿರುಗುಟ್ಟುವುದು, ಕೆಮ್ಮು, ಒದ್ದೆ ಕೂದಲಿನ ಶಾಂಪೂ ವಾಸನೆ, ದೀಪ ಆರಿತು, ಮೊದಲ ಹಾಡು, ಗುಂಡಿ, ಸಾಲು, ಗುಂಡಿ, ತಂಗಿಯ ದನಿ ಮೇಲಕ್ಕೆ ಹೋಗುತ್ತಿದೆ, ಅಬ್ಬ ಇಷ್ಟು ದಿನ ಈ ದನಿಯನ್ನು ಹಿಂದಿನ ಸಾಲಿನಲ್ಲಿ ಬಚ್ಚಿಟ್ಟಿದ್ದೆವಲ್ಲ, ಮೇಷ್ಟ್ರು ಕೂಡ ತಲೆ ಆಡಿಸುತ್ತಿದ್ದಾರೆ, ಅವರು ತಲೆ ಆಡಿಸಿದ್ದನ್ನು ಯಾರು ಕಂಡಿದ್ದಾರೆ, ಎರಡನೆಯ ಹಾಡು, ಮುಂದಿನ ಸಾಲಿನ ಹುಡುಗಿಯರು ಕಣ್ಣು ಮುಚ್ಚಿದ್ದಾರೆ, ಅವಳ ಹೆಬ್ಬೆರಳು ತಾನಾಗಿಯೇ ಓಡುತ್ತಿದೆ — ಮುಗಿಯಿತು, ಕೀಬೋರ್ಡು ಒಂದೇ ಸ್ವರ ಹಿಡಿದು ನಿಂತಿದೆ, ಪ್ರಾರ್ಥನೆಯ ಹೊತ್ತು, ತಂಗಿ ಕಣ್ಣು ಮುಚ್ಚಿದಳು, ಬಾಯಿ ತೆರೆದಳು, ಮುಚ್ಚಿತು, ತುಟಿಗಳು ಒಂದಕ್ಕೊಂದು ಒತ್ತಿಕೊಂಡವು, ಪ್, ಬರಲಿಲ್ಲ, ಬರುತ್ತದೆ ಈಗ, ಬರುತ್ತದೆ, ಪ್, ಮೈಕಿನಲ್ಲಿ ಸಣ್ಣದೊಂದು ಟಪ್ ಸದ್ದು, ಯಾರೋ ಕೆಮ್ಮಿದರು, ಒಬ್ಬ ಪಕ್ಕದವನ ಕಡೆ ಬಗ್ಗಿದ, ಏನಂದನೋ, ಕತ್ತಿನ ನರ, ಇಲ್ಲಿಂದಲೂ ಕಾಣುತ್ತಿದೆಯೇ ಅಥವಾ ಗೊತ್ತಿರುವುದರಿಂದ ಕಾಣುತ್ತಿದೆಯೇ, ನೋಡೇ ನನ್ನ ಕಡೆ, ಒಂದು ಸಲ ನೋಡು ಸಾಕು, ಕಣ್ಣು ತೆರೆಯೇ, ಕೀಬೋರ್ಡು ಅದೇ ಸ್ವರದಲ್ಲಿ ತೂಗಾಡುತ್ತಿದೆ, ಮೇಷ್ಟ್ರು ಇವಳನ್ನು ನೋಡಿದರು, ಅಂಗಡಿಯವನು ಬೇರೆ ಗಿರಾಕಿ ಕಡೆ ತಿರುಗಿದ, ಪೆನ್ಸಿಲ್ ಅಣ್ಣ, ಪೆನ್ಸಿಲ್, ಎರಡು, ಮತ್ತು ಹೆಬ್ಬೆರಳು ಒತ್ತಿಬಿಟ್ಟಿತು.

ಸಾಲು ಬಂತು, ಗುಡುಗು ಅದನ್ನು ನೋಡಿದ, ಹೇಳಿಕೊಟ್ಟಂತೆಯೇ ಕೋಲು ಎತ್ತಿದ, ಇಡೀ ಸಭೆ ದಡಬಡ ಎದ್ದು ನಿಂತು ಹಾಡತೊಡಗಿತು, ಎಂಥ ಜೋರು, ಎಲ್ಲರಿಗೂ ಬಿಡುಗಡೆಯಾದ ಹಾಗೆ, ಅವಳೂ ಉಸಿರು ಬಿಟ್ಟಳು, ಪಾರಾದೆವು, ಅನ್ನಿಸಿದ್ದು ಒಂದು ಸಾಲು ಮಾತ್ರ — ಯಾಕೆಂದರೆ ತಂಗಿ ಹಾಡುತ್ತಿಲ್ಲ, ಮೈಕ್ ಇಳಿಸಿ ನಿಂತಿದ್ದಾಳೆ, ಎಲ್ಲರ ಹಾಡಿನ ನಡುವೆ ಒಬ್ಬಳೇ, ಅವಳ ಮುಖದಲ್ಲಿ ನಾಚಿಕೆ ಇಲ್ಲ, ಅಳುವೂ ಇಲ್ಲ, ಬಸ್ಸು ಹಾದುಹೋಗಲಿ ಆಮೇಲೆ ರಸ್ತೆ ದಾಟೋಣ ಅಂತ ನಿಂತವರ ಮುಖ, ಅಯ್ಯೋ ಅವಳು ನೋಡಿರಲಿಲ್ಲ, ನನ್ನ ಕಡೆ ನೋಡೇ ಇರಲಿಲ್ಲ, ಇನ್ನೂ ಹೇಳುತ್ತಿದ್ದಳು, ಮಧ್ಯದಲ್ಲಿದ್ದಳು, ನಾನು ಏನು ಮಾಡಿಬಿಟ್ಟೆ ಅಂದುಕೊಳ್ಳುತ್ತಲೇ ಹೆಬ್ಬೆರಳು ಚರಣದ ಉಳಿದ ಸಾಲುಗಳನ್ನು ಸರಿಯಾದ ಹೊತ್ತಿಗೆ ಹಾಕುತ್ತಲೇ ಇದೆ, ನಿಲ್ಲಿಸಲೂ ಆಗುವುದಿಲ್ಲ, ನಾಲ್ಕನೆಯ ಸಾಲು ಮುಗಿಯುತ್ತಿದ್ದಂತೆ ತಂಗಿ ಮುಷ್ಟಿ ಎತ್ತಿದಳು, ನಿಲ್ಲಿಸು ಅಂತ ಅದರ ಅರ್ಥ, ಡ್ರಮ್ಮು ನಿಂತಿತು, ಹಾಡು ಅಲ್ಲಲ್ಲಿ ಮುಗ್ಗರಿಸಿ ನಿಂತಿತು, ಕೊನೆಗೆ ಯಾರೋ ಒಬ್ಬ ಒಂಟಿಯಾಗಿ ಎರಡು ಪದ ಹೆಚ್ಚು ಹಾಡಿ ಬಾಯಿ ಮುಚ್ಚಿದ, ಈಗ ನೋಡಿದಳು, ಅಷ್ಟೂ ತಲೆಗಳ ಮೇಲಿಂದ ನೇರವಾಗಿ ಹಿಂದಿನ ಮೇಜಿನ ಕಡೆ, ಮೈಕ್ ಎತ್ತಿ, ಅಕ್ಕ, ಗೋಡೆ ಖಾಲಿ ಮ… ಮಾಡು.

ಇಡೀ ಸಭೆ ತಿರುಗಿ ನೋಡಿತು, ಇಷ್ಟು ವರ್ಷದಲ್ಲಿ ಮೊದಲ ಸಲ, ಓ ಇಲ್ಲೊಬ್ಬರು ಕೂತಿರುತ್ತಾರಾ ಅನ್ನುವ ಕಣ್ಣುಗಳು, ಮುಖ ಎಲ್ಲಿಡಬೇಕು, ಬೆರಳು ಗುಂಡಿ ಹುಡುಕುತ್ತಿದೆ, ವಾರವಾರ ಒತ್ತುವ ಗುಂಡಿ ಈಗ ಕಾಣದು, ಮೇಷ್ಟ್ರು ತಮ್ಮ ಬೆರಳಲ್ಲಿ ತೋರಿಸಿದರು, ಒತ್ತಿದಳು, ಅಕ್ಷರ ಹೋಯಿತು, ಗೋಡೆ ಬರೀ ಗೋಡೆಯಾಯಿತು, ಕೂತ್ಕೊಳ್ಳಿ ಅಂದಳು ತಂಗಿ, ಸಲೀಸಾಗಿ ಬಂತು ಅದು, ಕೂತರು, ನನಗೆ ಮಾತು ತಡ ಆಗುತ್ತೆ, ಆದ್ರೆ ಬ… ಬ… ಬರುತ್ತೆ, ಅಷ್ಟೇ ಹೇಳಿದ್ದು, ಕ್ಷಮೆ ಕೇಳಲಿಲ್ಲ, ನಗಿಸಲಿಲ್ಲ, ಕಣ್ಣು ಮುಚ್ಚಿದಳು — ಮತ್ತೆ ಅದೇ ಹೆಸರು, ಬೇರೆ ಹೆಸರಲ್ಲ, ಸಲೀಸಾದದ್ದಲ್ಲ, ತುಟಿಗಳು ಕೂಡಿದವು, ಪ್, ನಿಂತಿತು, ಅಕ್ಕನ ತುಟಿಗಳೂ ಕೂಡಿಕೊಂಡಿವೆ, ಒಳಗೆ ಪದ ಪೂರ್ತಿ ಇದೆ, ನಾಲಿಗೆಯ ತುದಿಗೆ ಬಂದು ಕೂತಿದೆ, ಹೇಳಬೇಡ, ಹೇಳಬೇಡವೇ, ಅವಳು ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತಳು, ಯಾರೂ ಕೆಮ್ಮಲಿಲ್ಲ, ಪಕ್ಕದವನ ಕಡೆ ಬಗ್ಗಿದ್ದವನು ನೆಟ್ಟಗೆ ಕೂತಿದ್ದಾನೆ, ಕೀಬೋರ್ಡು ಕೂಡ ಸುಮ್ಮನಾಗಿದೆ, ಮುಚ್ಚಿದ ತುಟಿಗಳು, ಅದುರುತ್ತಿಲ್ಲ, ಒದ್ದಾಡುತ್ತಿಲ್ಲ, ಹಿಡಿದುಕೊಂಡಿವೆ, ಎಷ್ಟು ಹೊತ್ತೋ ಏನೋ, ಆಮೇಲೆ ತೆರೆದುಕೊಂಡವು, ಪ್ರಭುವೇ, ಆಮೇಲಿನದೆಲ್ಲ ಬಂತು, ಎಡವಿ ಎಡವಿ ಬಂತು, ಆಸ್ಪತ್ರೆಯ ಮಕ್ಕಳ ಬಗ್ಗೆ, ಪರೀಕ್ಷೆ ಬರೆಯುವವರ ಬಗ್ಗೆ, ಪಾಸ್ಟರ್ ಗಂಟಲಿನ ಬಗ್ಗೆ, ಆಮೆನ್ ಅಂದಾಗ ಸಭೆಯೂ ಆಮೆನ್ ಅಂತು, ಇಂಥ ಆಮೆನ್ ಅವಳು ಈ ಮೇಜಿನ ಹಿಂದೆ ಕೇಳಿದ್ದಿಲ್ಲ.

ಈಗ ವೈರ್ ಸುತ್ತಬೇಕು, ಒಂದು ಸುತ್ತು ಮೇಲೆ ಒಂದು ಸುತ್ತು ಕೆಳಗೆ, ಇಲ್ಲದಿದ್ದರೆ ಮುಂದಿನ ವಾರ ಗಂಟು, ಗುಡುಗು ಕುರ್ಚಿಗಳನ್ನು ಒಂದರ ಮೇಲೊಂದು ಏರಿಸುತ್ತಿದ್ದಾನೆ, ಅಕ್ಕ ನಂದೇ ತಪ್ಪಾ, ನಾನು ಬೇಗ ಹೊಡೆದ್ನಾ ಅಂತ ಕೇಳಿದ, ಇಲ್ಲಪ್ಪ, ನಂದು ಅಂದಳು, ಮೇಷ್ಟ್ರು ಅಂಟುಪಟ್ಟಿ ಕೀಳುತ್ತ ನಿಮ್ಮ ತಂಗಿ ಗಟ್ಟಿಗಿತ್ತಿ ಕಣ್ರೀ ಅಂದರು, ಅವರ ಬಾಯಿಂದ ಇಡೀ ವಾಕ್ಯ, ತಂಗಿ ಬಂದು ಮೇಜಿನ ತುದಿಗೆ ಒರಗಿ ನಿಂತಳು, ಹಣೆಯೆಲ್ಲ ಬೆವರು, ನೋಡೇ ನಾನು ಅಂತ ಅಕ್ಕ ಶುರು ಮಾಡಿದರೆ ಮುಂದಕ್ಕೆ ಮಾತು ಬರುವುದಿಲ್ಲ, ತಂಗಿ ಮುಗಿಸಿಕೊಡಲಿಲ್ಲ, ಕಾದಳು, ಮೇಜಿಗೆ ಒರಗಿಕೊಂಡೇ ಕಾದಳು, ನಾನು ನಿನ್ನನ್ನ ನಂಬಲಿಲ್ಲ ಕಣೇ, ಅಂತ ಕೊನೆಗೆ ಅಕ್ಕನ ಬಾಯಿಂದ ಬಂತು, ಹೂಂ ಗೊತ್ತು, ಅಂದಳು ತಂಗಿ, ಇನ್ನೊಂದು ಸಲ ಹಾಗೆ ಮಾಡಿದ್ರೆ ಆ ಗುಂಡಿ ಕಿತ್ತು ಬ… ಬಿಸಾಡ್ತೀನಿ, ನಕ್ಕಳು, ಹತ್ತಿಯ ಡಬ್ಬ ತೆಗೆದುಕೊಂಡು ವೇದಿಕೆಯ ಕಡೆ ಹೋದಳು — ಸುತ್ತು, ಮೇಲೆ, ಕೆಳಗೆ, ಇವಳನ್ನು ನಾನು ಕೈ ಹಿಡಿದು ನಡೆಸಿದೆ ಅಂದುಕೊಂಡಿದ್ದೆನಲ್ಲ, ಎಂಥ ಹೆಣ್ಣು ಇವಳು, ಎಲ್ಲಿಂದ ತಂದಳು ಅಷ್ಟು ಧೈರ್ಯ, ಮೇಲೆ, ಕೆಳಗೆ, ವೈರ್ ಕೈಯಲ್ಲೇ ನಿಂತಿತು, ಕಣ್ಣ ಮುಂದೆ ಮತ್ತೆ ಆ ಮುಚ್ಚಿದ ತುಟಿಗಳು, ವೈರ್ ಸುತ್ತಲು ಹೋದಳು, ಆಗಲಿಲ್ಲ, ಮುಚ್ಚಿದ ತುಟಿಗಳು, ಬರೀ ಗೋಡೆ, ಅದರ ಮುಂದೆ ತಂಗಿ, ಅಷ್ಟೂ ಜನ ಉಸಿರು ಹಿಡಿದು ಕೂತಿದ್ದಾರೆ, ಮುಚ್ಚಿದ ತುಟಿಗಳು, ಅವಳಿಗೆ ಅವಸರವಿಲ್ಲ.