ಹನ್ನೊಂದು ಗಂಟೆಯ ಸಂದರ್ಶನ

"ಬಲಕ್ಕ ವಾಲಾಕತ್ತಾನ, ದಿಂಬು ಕೊಡ್ರಿ!" ಎನ್ನುತ್ತ ಮಾಂತು ಅಣ್ಣನ ಹೆಣವನ್ನು ಗೋಡೆಗೆ ಒತ್ತಿ ಹಿಡಿದ.

ಲಿಂಗಾಯತರ ಹೆಣ ಮಲಗುವುದಿಲ್ಲ. ರಾಮಲಿಂಗಪ್ಪ ಹಣೆಗೆ ವಿಭೂತಿ, ತಲೆಗೆ ಪೇಟ, ಎಡಗೈಯಲ್ಲಿ ಲಿಂಗ, ಹೀಗೆ ಕೊಂಢವಾ ಬಡಾವಣೆಯ ಎರಡು ಖೋಲಿಯ ಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಬೆಳಗಿನ ಐದಕ್ಕೆ ಬಚ್ಚಲಿಗೆ ಹೋದವನು ಅಲ್ಲೇ ಬಿದ್ದಿದ್ದ. ಹೆಂಡತಿ ಶೈಲಶ್ರೀ ಇನ್ನೂ ಅತ್ತಿರಲಿಲ್ಲ. ಬಚ್ಚಲಿನ ನಲ್ಲಿ ಬಂದ್ ಮಾಡಿದೆನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡಿ ಬಂದಿದ್ದಳು.

ಹತ್ತೂವರೆಗೆ ಸ್ನೇಹಲ್ ಓಡುತ್ತ ಬಂದಳು. ರಾಮಲಿಂಗಪ್ಪನ ಭಾನುವಾರದ ಶಾಲೆಯಲ್ಲಿ ಅವನ ಜೊತೆ ಪಾಠ ಹೇಳುತ್ತಿದ್ದ ಮರಾಠಿ ಹುಡುಗಿ. ಕೂತ ಹೆಣ ನೋಡಿ ಹೊಸ್ತಿಲಲ್ಲೇ ನಿಂತಳು.

"ಕಾಕೂ... ಹನ್ನೊಂದಕ್ಕ ಸಾಲಿ ಖೋಲಿ ಅರ್ಜಿದ ಮುಲಾಖತ್ ಅದ, ಫೋನದಾಗ. ಸಾಲಿ ಮುಖ್ಯಸ್ಥರು ಇರಲಿಲ್ಲಂದ್ರ ಅರ್ಜಿ ರದ್ದ್."

"ಹೆಣದ ಮುಂದ ಎಂಥಾ ಅರ್ಜಿ?" ಮಾಂತು ಸಿಡುಕಿದ. "ಸತ್ತಾನಂತ ಹೇಳು, ಮುಗೀತು."

ಬಾಗಿಲಲ್ಲಿ ನಿಂತಿದ್ದ ಗಾರೆ ಕೆಲಸದ ಅವ್ವಮ್ಮ, ಮಗಳು ಮಾಯಾಳ ಕೈ ಹಿಡಿದುಕೊಂಡೇ ಕೇಳಿದಳು: "ಹಂಗಾದ್ರ ಐತವಾರ ಸಾಲಿ ಇಲ್ಲೇನ್ರಿ ಅಕ್ಕಾ?"

ಶೈಲಶ್ರೀ ಮತ್ತೊಮ್ಮೆ ನಲ್ಲಿ ನೋಡಲು ಎದ್ದಳು.

*

ರಾಮಲಿಂಗಪ್ಪ ಲಾರಿ ಕಚೇರಿಯ ಗುಮಾಸ್ತ. ಭಾನುವಾರ ಕೂಲಿಯವರ ಮಕ್ಕಳನ್ನು ಹಳ್ಳದ ದಂಡೆಗೆ ಕರೆದೊಯ್ದು ಬಾಟಲಿಗೆ ನೀರು ಹಿಡಿಸಿ, ಬಣ್ಣ, ವಾಸನೆ, ಹುಳ ಎಲ್ಲ ಬರೆಸುತ್ತಿದ್ದ. ಪಾಠ ನಡೆಯುತ್ತಿದ್ದ ಶೆಡ್ಡನ್ನು ಈ ತಿಂಗಳು ಕೆಡವುತ್ತಾರೆ. ಬೇರೆ ಖೋಲಿಗಾಗಿ ಟ್ರಸ್ಟು, ಕಂಪನಿ ಹುಡುಕಿ ಹನ್ನೊಂದು ಅರ್ಜಿ ಹಾಕಿದ್ದ. ಎಲ್ಲ ವಾಪಸು.

"ಗಟಾರದ ಮಾಸ್ತರ, ಉಣ್ಣಾಕ ಬರ್ರಿ," ಎಂದು ಕರೆದಿದ್ದಳು ಶೈಲಶ್ರೀ, ಹನ್ನೆರಡನೆಯದನ್ನು ತುಂಬುತ್ತಿದ್ದಾಗ.

"'ಪರಿಣಾಮ ಏನು' ಅಂತ ಕೇಳ್ಯಾರ. ಏನ್ ಬರೀಲಿ?"

"ಆ ಮಾಯಾ ಹಳ್ಳದ ನೀರು ಕುಡಿಯೂದು ಬಿಟ್ಟಾಗಿಂದ ವಾಂತಿ ಮಾಡಿಲ್ಲ ಅಂತ ಬರೀರಿ."

ಅವನು ನಕ್ಕು, ಅದನ್ನೇ ಬರೆದಿದ್ದ. ಸಂದರ್ಶನಕ್ಕೆ ಕರೆ ಬಂದದ್ದು ಅದೊಂದಕ್ಕೇ.

*

ಹನ್ನೊಂದಕ್ಕೆ ಸ್ನೇಹಲ್ ಅಡುಗೆಮನೆಗೆ ಹೋಗಿ, ವಿಡಿಯೋ ಕರೆಗೆ ಫೋನು ಹಿಡಿದು ಕೂತಳು. ಸರ್‌ಗೆ ಹುಷಾರಿಲ್ಲ ಎಂದು ಹಿಂದಿಯಲ್ಲಿ ಹೇಳಿದಳು. ಪ್ರಶ್ನೆಗಳಿಗೆಲ್ಲ ಸರಿಯಾಗಿಯೇ ಉತ್ತರಿಸಿದಳು. ಕೊನೆಗೆ ತೆರೆಯ ಮೇಲಿದ್ದ ಅಧಿಕಾರಿ ಹೆಂಗಸು ಕಣ್ಣು ಕಿರಿದುಮಾಡಿ ನೋಡಿದಳು.

"ಹಿಂದೆ ಪೇಟ ಸುತ್ತಿ ಕೂತವರು ಸರ್ ಅಲ್ಲವೇ?"

ಸ್ನೇಹಲ್ ತಿರುಗಿದಳು. ಅಡುಗೆಮನೆಗೆ ಕದವಿರಲಿಲ್ಲ. ಫೋನು ಕೆಳಗಿಳಿಸಲು ಕೈ ಬರಲಿಲ್ಲ.

"ಮಾತಾಡುವುದು ಬೇಡ, ಪಾಪ. ಒಂದು ಸಲ ಕೈ ಎತ್ತಲಿ. ಹಾಜರ್ ಎಂದು ಬರೆದುಕೊಳ್ಳುತ್ತೇನೆ."

ಆ ಮಾತು ಕೇಳಿ, ಹೊರಗಿನ ಖೋಲಿಯಲ್ಲಿ ನೆರೆಯವರು ಹೆಣದ ಮುಂದೆ ಹಾಡುತ್ತಿದ್ದ ಭಜನೆ ನಿಂತಿತು. ಶೈಲಶ್ರೀ ಎದ್ದು ಗಂಡನ ಮಗ್ಗುಲಿಗೆ ಕೂತು ಬಲಗೈ ಹಿಡಿದಳು.

"ವೈನಿ, ಏನ್ ಮಾಡಾಕತ್ತೀರಿ?" ಮಾಂತು ಮುಂದೆ ಬಂದ.

"ಸುಮ್ಕಿರು."

ಅವಳು ಎತ್ತಿದಳು. ಸೆಟೆದಿದ್ದ ತೋಳು ಮಣಿಯಲಿಲ್ಲ. ಇಡೀ ಮೈ ಗೋಡೆ ಬಿಟ್ಟು ನಿಧಾನವಾಗಿ ಮುಂದಕ್ಕೆ ಬಾಗಿತು. ಅವಳು ಎದೆಗೆ ಅಡ್ಡ ಕೈ ಕೊಟ್ಟು ತಡೆದು ಹಿಡಿದಳು.

ಫೋನಿನಲ್ಲಿ ಆ ಹೆಂಗಸು ಕುರ್ಚಿಯಿಂದ ಅರ್ಧ ಎದ್ದು, ಎರಡೂ ಕೈ ಜೋಡಿಸಿ, "ನಮಸ್ತೇ ಸರ್" ಎಂದು ಹೆಣಕ್ಕೆ ಮರುನಮಸ್ಕಾರ ಮಾಡಿದಳು.