ಕೆಂಪು ಅಂದರೆ ಕುಷ್ಟಗಿ

ನಮ್ಮ ಮಾಲೀಕ ಪ್ರಭುರಾಜರಿಗೆ ಹೊಸದೆಂದರೆ ಹಬ್ಬ. ಭಾಗ್ಯನಗರದಲ್ಲಿ ನಮ್ಮದು ಪಂಪ್‌ಸೆಟ್ ಕೂರಿಸುವ, ರಿಪೇರಿ ಮಾಡುವ ಅಂಗಡಿ. ಎಲ್ಲ ಸೇರಿ ಆರು ಜನ. ಯಾವತ್ತು ಯಾವ ಊರಿನ ಕೆಲಸ ಎಂದು ಎಲ್ಲರ ಮೊಬೈಲಿಗೂ ತೋರಿಸುವ ಸಾಫ್ಟ್‌ವೇರ್ ಐದು ವರ್ಷದಿಂದ ಚೆನ್ನಾಗಿಯೇ ನಡೆದಿತ್ತು. ಹುಬ್ಬಳ್ಳಿಯ ಡೀಲರ್ ಸಭೆಯಲ್ಲಿ ಇವರು ಬೇರೊಂದನ್ನು ನೋಡಿ ಬಂದರು, ಮುಗಿಯಿತು.

“ಸುರೇಖಾ, ಸೋಮವಾರದಿಂದ ಇದ.”

ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂದು ಎರಡು ದಿನ ಕೂತು ಎಲ್ಲವನ್ನೂ ಹೊಸದಕ್ಕೆ ಸಾಗಿಸಿದೆ.

ಹಳೆಯದರಲ್ಲಿ ಒಂದೊಂದು ಕಡೆಯ ಕೆಲಸಕ್ಕೆ ಒಂದೊಂದು ಬಣ್ಣ ಕಟ್ಟಿದ್ದು ನಮ್ಮ ಹಿರಿಯ ಮಿಸ್ತ್ರಿ ಪಕೀರಪ್ಪನ ಮಾತಿನಂತೆ. ಮಸಾರಿ ಮಣ್ಣಿನ ಕುಷ್ಟಗಿಗೆ ಕೆಂಪು, ಎರೆಮಣ್ಣಿನ ಯಲಬುರ್ಗಾಕ್ಕೆ ಕಪ್ಪು, ಭತ್ತದ ಗಂಗಾವತಿಗೆ ಹಸಿರು. ಹೊಸದರಲ್ಲಿ ಕೆಂಪೆಂದರೆ ತುರ್ತು. ಊರಿನ ಹೆಸರು ಬರೆದೇ ಇರುತ್ತದಲ್ಲ, ಹೇಳುವುದೇನು ಎಂದು ನಾನು ಯಾರಿಗೂ ಹೇಳಲಿಲ್ಲ.

ಸೋಮವಾರ ಹತ್ತಕ್ಕೆ ಪಕೀರಪ್ಪನ ಫೋನ್.

“ಕುಷ್ಟಗಿಗೆ ಬಂದೀನ್ರಿ ಅಕ್ಕಾರ. ಯಾರ ಹೊಲಾರಿ?”

“ತುರ್ತ ಕೆಲಸಾರಿ. ಗಂಗಾವತಿ ಕಡೆ ಶ್ರೀರಾಮನಗರ ಅಂತ ಇಷ್ಟ ದೊಡ್ಡದಾಗಿ ಬರದೀನಿ. ಓದಬಾರದೇನ್ರಿ?”

ಆತ ದನಿ ತಗ್ಗಿಸಿ, “ಕೆಂಪ ಇತ್ತಲ್ರಿ.”

ಆಗ ನನಗೆ ತಿಳಿಯಿತು. ಇಷ್ಟು ವರ್ಷ ಆತ ನೋಡಿದ್ದು ಹೆಸರಲ್ಲ, ಬಣ್ಣ.

ಅತ್ತ ಶ್ರೀರಾಮನಗರದಲ್ಲಿ ಪಂಪ್ ಕೆಟ್ಟ ಗದ್ದೆಗೆ ಭತ್ತದ ಸಸಿ ಹಚ್ಚಲು ಬಂದ ಹೆಣ್ಣುಮಕ್ಕಳು ನೀರಿಲ್ಲದೆ ಮಧ್ಯಾಹ್ನದ ತನಕ ಬದುವಿನ ಮೇಲೆ ಕೂತರಂತೆ. ಆ ರೈತನ ಬೈಗುಳವನ್ನೆಲ್ಲ ಕೇಳಿಸಿಕೊಂಡ ಪ್ರಭುರಾಜರು ಸಂಜೆ ನಮ್ಮೆಲ್ಲರನ್ನೂ ಎದುರಿಗೆ ನಿಲ್ಲಿಸಿದರು. ಪಕೀರಪ್ಪನಿಂದ ಗಾಡಿಯ ಕೀಲಿ ಇಸಿದುಕೊಂಡು ಮೇಜಿನ ಮೇಲಿಟ್ಟರು.

“ಇಪ್ಪತ್ತು ವರ್ಷದ ಮಿಸ್ತ್ರಿ ಅಂತ ಗಾಡಿ ಕೊಟ್ಟೀನಿ. ನಾಳಿಂದ ಈ ಸಣ್ಣ ಮಿಸ್ತ್ರಿ ಆಂಜನೇಯ ನೋಡಕೊಳ್ಳಲಿ.”

“ಚಸ್ಮಾ ಮರತಿದ್ನಿರಿ” ಎಂದ ಪಕೀರಪ್ಪ. ಆತ ಚಸ್ಮಾ ಹಾಕಿದ್ದನ್ನು ನಾವ್ಯಾರೂ ಕಂಡವರಲ್ಲ.

ನನಗೆ ತಡೆಯಲಾಗಲಿಲ್ಲ. “ತಪ್ಪು ನಂದರಿ. ಊರಿನ ಹೆಸರ ನಾನ ತಪ್ಪ ಬರದಿದ್ನಿ” ಎಂದು ಸುಳ್ಳು ಹೇಳಿಬಿಟ್ಟೆ.

“ಹಂಗಾದ್ರ ನಾಳಿಂದ ನೀವ ಮನ್ಯಾಗ ಇರ್ರಿ” ಎಂದರು. ಸಿಟ್ಟು ಬಂದರೆ ನಮ್ಮ ಮಾಲೀಕರಿಗೆ ಹಿಂದುಮುಂದು ಇಲ್ಲ.

ಪಕೀರಪ್ಪ ತಲೆ ಎತ್ತಿದ. “ಅಕ್ಕಾರು ಸರಿನ ಬರದಾರ್ರಿ. ನನಗ ಓದಾಕ ಬರಂಗಿಲ್ಲ.”

ಆಂಜನೇಯ ನೆಲ ನೋಡಿದ. ಪ್ರಭುರಾಜರ ದನಿ ಇಳಿಯಿತು. “ಇಷ್ಟ ವರ್ಷ ಯಾಕ ಹೇಳಲಿಲ್ಲ?”

“ಹೇಳಿದ್ರ ಗಾಡಿ ಕೊಡತಿದ್ರೇನ್ರಿ?”

ಮಾಲೀಕರ ಜಾಗದಲ್ಲಿದ್ದರೆ ನಾನೂ ಗಾಡಿ ಕೊಡುತ್ತಿರಲಿಲ್ಲ ಅನ್ನಿಸಿ ನನಗೆ ಭಾರಿ ನಾಚಿಕೆಯಾಯಿತು. ಪ್ರಭುರಾಜರು ಕೀಲಿಯನ್ನು ಆತನ ಕಡೆ ಸರಿಸಿದರು. ಪಕೀರಪ್ಪ ತಕ್ಷಣ ಅದನ್ನು ಎತ್ತಿಕೊಳ್ಳಲಿಲ್ಲ. ಮೊದಲು ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದ; ಯಾರೂ ನಗುತ್ತಿಲ್ಲವೆಂದು ಕಂಡ ಮೇಲೆ ಕೀಲಿ ಎತ್ತಿಕೊಂಡ.